ಒಂದು ಹೊರಸು, ಇಬ್ಬರು ಯಜಮಾನರು

ಬೆಟಗೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ, ಕಿಟಕಿಯ ಕೆಳಗೆ, ನವಾರಿನ ಹಳೆಯ ಹೊರಸೊಂದಿತ್ತು. ಚಳಿಗಾಲದ ಎಳೆಬಿಸಿಲು ಮೊದಲು ಬಂದು ಕೂರುವುದು ಅಲ್ಲಿಯೇ ಎಂಬ ಗುಟ್ಟನ್ನು ನಮಗಿಂತ ಮುಂಚೆ ಅರಿತವನು ಮೋತ್ಯಾ, ನಮ್ಮ ಕಂದು ನಾಯಿ. ಅವನು ಅದರ ಮೇಲೆ ಮೈಚಾಚಿ ಮಲಗುತ್ತಿದ್ದ, ನಮಗೂ ತಕರಾರಿರಲಿಲ್ಲ.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಆ ವರ್ಷ ನನ್ನ ಮಾವನವರು, ಅಂದರೆ ಹೆಂಡತಿ ಗಂಗವ್ವನ ತಂದೆ, ಡಂಬಳದ ಹೊಲಮನೆಯನ್ನು ಮಗನ ಕೈಗೊಪ್ಪಿಸಿ ನಮ್ಮಲ್ಲಿಯೇ ಇರಲೆಂದು ಬಂದರು. ಒಂದು ಕಾಲಕ್ಕೆ ಅವರು ಕೆಮ್ಮಿದರೆ ಓಣಿಯ ಹರಟೆ ನಿಲ್ಲುತ್ತಿತ್ತಂತೆ. ಬಂದ ದಿನವೇ ಕೋಲಿನಿಂದ ಮೋತ್ಯಾನನ್ನು ಕೆಳಗಿಳಿಸಿ ಹೊರಸಿನ ಮೇಲೆ ಹಾಸಿಗೆ ಬಿಚ್ಚಿದರು.

ಅಂದಿನಿಂದ ಮೋತ್ಯಾ ಬೇರೆ ನಾಯಿಯಾದ. ಮಾವನವರು ಕಾಲು ಕೆಳಗಿಟ್ಟರೆ ಗುರುಗುಟ್ಟಿದ, ಅವರ ಚಪ್ಪಲಿ ಕಡಿದ, ಹೊರಸಿನ ಕಾಲಿಗೆ ಉಚ್ಚೆ ಹೊಯ್ದ. ಇತ್ತ ಮಾವನವರೂ ಚಹಾ ತಡವಾದರೆ ಗುಡುಗುತ್ತಿದ್ದರು. ಎರಡು ಗುಡುಗುಗಳ ನಡುವೆ ಗಂಗವ್ವ ಬಡವಾದಳು.

ಪಕ್ಕದ ಮನೆಯ ಬಳೆ ವ್ಯಾಪಾರಿ ಖಾದರಸಾಬರು ನಮ್ಮ ಒಳಿತಿಗೆಂದೇ ಹೇಳಿದರು: "ತಾನ ಮನಿ ಯಜಮಾನ ಅಂತ ತಿಳ್ಕೊಂಡೈತ್ರಿ ಅದು. ತಿನ್ನೂ ಮುಂದ ತಾಟ ಕಸ್ಗೋರಿ, ಯಜಮಾನ ಯಾರಂತ ತಿಳೀತೈತಿ."

ಮಾವನವರಿಗೆ ಮಾತು ಹಿಡಿಸಿತು. ಮರುದಿನ ಮೋತ್ಯಾ ರೊಟ್ಟಿ ತಿನ್ನುತ್ತಿದ್ದಾಗ ತಾಟಿಗೆ ಕೈಹಾಕಿದರು. ಅವನು ಅವರ ಕೈಯನ್ನೇ ಕಚ್ಚಿದ.

ಮಾವನವರು ದವಾಖಾನೆಯಲ್ಲಿ ಸೂಜಿ ಮಾಡಿಸಿಕೊಂಡು ಬಂದ ಮೇಲೆ ನಾನು ತೀರ್ಮಾನ ಹೇಳಿದೆ. ಹೊಂಬಳದ ಗೆಳೆಯನ ಹೊಲಕ್ಕೆ ನಾಯಿಯನ್ನು ಕಳಿಸುವುದೆಂದು. ಅಪ್ಪನ ಕೈಗೆ ಸುತ್ತಿದ ಪಟ್ಟಿಯನ್ನು ಸರಿಪಡಿಸುತ್ತಿದ್ದ ಗಂಗವ್ವ ತಲೆಯೆತ್ತದೆಯೇ ಹೇಳಿದಳು:

"ಅಪ್ಪಾ, ಅದು ಸೊಕ್ಕಿಲೆ ಕಚ್ಚಿಲ್ಲ. ಅಂಜಿ ಕಚ್ಚೇತಿ. ಮೊದಲ ಜಾಗಾ ಹೋತು, ಈಗ ಕೂಳೂ ಹೋಗತೈತಿ ಅಂತ ಅಂಜೇತಿ."

ಮಾವನವರು ಪಟ್ಟಿ ಸುತ್ತಿದ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಕಳಸಬ್ಯಾಡ್ರಿ, ಅಳಿಯಾರ. ಜಾಗಾ ಕಳಕೊಂಡಾವಗ ಒದರಾಟ ಜಾಸ್ತಿ. ನಾನೂ ಬಂದಾಗಿಂದ ಅದನ್ನ ಮಾಡಾಕತ್ತೇನಿ," ಎಂದರು.

ಗಂಗವ್ವ ಪಟ್ಟಿಯನ್ನು ಮರೆತು ಅವರ ಮೊಣಕೈ ಹಿಡಿದು ಕುಳಿತಳು.

ಗೆಳೆಯರೇ, ನಾಯಿ ಗುರುಗುಟ್ಟಿದರೆ ನಾವು ಅದನ್ನು ಸಿಂಹಾಸನದ ಆಸೆಯೆಂದು ಓದುತ್ತೇವೆ. ಮನುಷ್ಯನಿಗೆ ಪಟ್ಟದ ಹುಚ್ಚಿರುವುದರಿಂದ ನಾಲ್ಕು ಕಾಲಿನವರಿಗೂ ಅದನ್ನೇ ಕಟ್ಟುತ್ತೇವೆ. ಆದರೆ ಗುರುಗುಟ್ಟುವಿಕೆ ಬಹಳ ಸಲ ಒಂದು ವಿನಂತಿ: ಹತ್ತಿರ ಬರಬೇಡ, ನನಗೆ ಅಂಜಿಕೆಯಾಗಿದೆ. ಆ ವಿನಂತಿಯನ್ನು ಗದರಿಸಿ ಅಡಗಿಸಿದರೆ ಅಂಜಿಕೆ ಹೋಗುವುದಿಲ್ಲ. ಮುನ್ಸೂಚನೆ ಮಾತ್ರ ಹೋಗುತ್ತದೆ, ಹಲ್ಲು ಉಳಿಯುತ್ತದೆ.

ಮರುದಿನದಿಂದ ಮಾವನವರು ಮಧ್ಯಾಹ್ನದ ಊಟವಾದ ಮೇಲೆ ಕೋಲನ್ನು ಒಳಗಿಟ್ಟು, ನೆಲದ ಮೇಲೆ ಮೋತ್ಯಾನಿಗೆ ಬೆನ್ನುಮಾಡಿ ಕೂರತೊಡಗಿದರು. ಕರೆಯಲಿಲ್ಲ, ನೋಡಲಿಲ್ಲ. ಜೋಳದ ರೊಟ್ಟಿಯ ಚೂರುಗಳನ್ನು ಹಿಂದಕ್ಕೆ ಚೆಲ್ಲುತ್ತ, ಡಂಬಳದ ಕೆರೆಯ ಬಗ್ಗೆ, ತಮ್ಮ ಎತ್ತುಗಳ ಬಗ್ಗೆ ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಜೀವಮಾನವೆಲ್ಲ ಎದುರು ನಿಂತು ಅಪ್ಪಣೆ ಕೊಟ್ಟ ಮನುಷ್ಯ ಬೆನ್ನು ತೋರಿಸಿ ಕೂರುವುದು ಸಣ್ಣ ಸಂಗತಿಯಲ್ಲ. ಮೊದಮೊದಲು ಮೋತ್ಯಾ ಅವರು ಎದ್ದುಹೋದ ಮೇಲೆಯೇ ಚೂರುಗಳನ್ನು ಮುಟ್ಟುತ್ತಿದ್ದ. ಬರಬರುತ್ತ ಅವರಿದ್ದಾಗಲೇ ತಿಂದ. ಒಂದು ದಿನ ರೊಟ್ಟಿ ಮುಗಿದ ಮೇಲೂ ಹೋಗದೆ ಅವರ ಬೆನ್ನಿಗೆ ಬೆನ್ನು ತಾಗಿಸಿ ಮಲಗಿದ. ಮಾವನವರು ಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಸಂಜೆ ಗಂಗವ್ವ ಚಹಾ ತಂದಾಗ ಅವರು ಪಿಸುದನಿಯಲ್ಲಿ, "ಹಗೂರಕ ಇಡವ್ವಾ, ಎಚ್ಚರಾದೀತು," ಎಂದರು.

ಕೈಯ ಗಾಯ ಮಾಯ್ದ ಮೇಲೆ ಮಾವನವರೂ ಮೋತ್ಯಾನೂ ಬೆಳಗಿನ ಹೊತ್ತು ಓಣಿಯಲ್ಲಿ ತಿರುಗಾಡತೊಡಗಿದರು. ಮಗ್ಗದ ಸದ್ದು ಕೇಳುವ ಮೂಲೆಯಲ್ಲಿ, ಮಾವನವರನ್ನು ಅರಿಯದ ನೇಕಾರನೊಬ್ಬ ಕೇಳಿದನಂತೆ, "ಯಾರ ಮನಿ ನಾಯಿರಿ ಅಜ್ಜಾರ?"

"ನಮ್ಮ ಮನಿದು," ಎಂದರಂತೆ ಮಾವನವರು.

ಮನೆಗೆ ಬಂದು ಅದನ್ನು ಹೇಳುವಾಗ ಅವರು ನಗುತ್ತಿದ್ದರು. ಗಂಗವ್ವ ಮಾತ್ರ ಒಲೆಯ ಕಡೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡಳು.