ಬೆಟ್ಟಸ್ವಾಮಿಯ ಅನುಮಾನ

ಹೊನ್ನವಳ್ಳಿಯ ಬೆಟ್ಟಸ್ವಾಮಿ ಕೊಬ್ಬರಿ ಸುಲಿಯುವವನು. ಮೂವತ್ತು ವರ್ಷ ನಾನು ಅವನ ಪಕ್ಕದಲ್ಲೇ ಕೂತು ಅದೇ ಕೆಲಸ ಮಾಡಿದೆ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಸದ್ದಿನಲ್ಲೇ ಗೊತ್ತಾಗುತ್ತದೆ. ಇನ್ನೂ ನೀರಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ. ಅನುಮಾನ ಬಂದರೆ ಪಕ್ಕದವನ ಕೈಗೆ ಕೊಡಬೇಕು. ಇಬ್ಬರು ಕೇಳದೆ ಅಂಥ ಕಾಯಿಗೆ ಮಚ್ಚು ತಾಗಿಸಬಾರದು. ನಮ್ಮ ಗುಂಪಿನ ಕಟ್ಟಳೆ ಅದು. ಬೆಟ್ಟಸ್ವಾಮಿ ಯಾರಿಗೂ ಕೊಡುತ್ತಿರಲಿಲ್ಲ. ಅವನಿಗೆ ಅನುಮಾನವೇ ಬರುತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ಹೆಂಡತಿ ಕೊಲ್ಲಾಪುರಮ್ಮ ತೀರಿಕೊಂಡರು. ಆಮೇಲೆ ಅವನು ಬುತ್ತಿ ತರುವುದನ್ನು ಬಿಟ್ಟ. ಟೀ, ಬನ್ನು, ಬೀಡಿಯಲ್ಲೇ ದಿನ ಮುಗಿಸುತ್ತಿದ್ದ. ದುಃಖದಲ್ಲಿದ್ದಾನೆ, ಮಾತಾಡಿಸಿ ತೊಂದರೆ ಕೊಡಬಾರದು ಎಂದು ಗುಂಪಿನ ಉಳಿದ ನಾಲ್ವರು ತೀರ್ಮಾನಿಸಿದೆವು. ಅದನ್ನು ಎರಡು ವರ್ಷ ಶಿಸ್ತಿನಿಂದ ಪಾಲಿಸಿದೆವು.

ಕಳೆದ ಕಾರ್ತಿಕದಲ್ಲಿ ಎಡಗೈ ನೋಯುತ್ತದೆ, ಅಟ್ಟದ ಏಣಿ ಹತ್ತಿದರೆ ಉಸಿರು ಕಟ್ಟುತ್ತದೆ ಎಂದ. ಕೈನೋವಿಲ್ಲದವರು ನಮ್ಮಲ್ಲಿ ಯಾರೂ ಇಲ್ಲ. ಎಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದೆ. ನಮ್ಮ ಗುಂಪಿನ ಮಾರಯ್ಯ, ಆಸ್ಪತ್ರೆಗೆ ತೋರಿಸು ಎಂದಾಗ, ಒಬ್ಬನೇ ಹೋಗಿ ಏನಂತ ಹೇಳಲಿ ಎಂದು ಕೇಳಿದ. ಜೊತೆಗೆ ಬರುತ್ತೇನೆ ಎಂದು ಯಾರೂ ಹೇಳಲಿಲ್ಲ. ಐವತ್ತಾರು ವರ್ಷದ ಗಂಡಸನ್ನು ಆಸ್ಪತ್ರೆಗೆ ಕರೆದೊಯ್ಯುವುದು ಅವನಿಗೇ ಅವಮಾನ ಎಂದುಕೊಂಡೆವು.

ಮಾರನೆಯ ದಿನ ಕೆಲಸದ ನಡುವೆ ನನ್ನ ಕಡೆ ತಿರುಗಿದ.

“ನನ್ನೂ ಒಂದ್ಸಲ ಅಲ್ಲಾಡ್ಸಿ ನೋಡ್ಲಾ. ಯಾಕೋ ಅನುಮಾನ.”

ನಾನು ಅವನ ಭುಜ ಹಿಡಿದು ಅಲ್ಲಾಡಿಸಿ, ಕಿವಿಗೊಟ್ಟಂತೆ ಮಾಡಿದೆ.

“ಇನ್ನೂ ನೀರೈತೆ ಕಣ್ಲಾ. ಅಟ್ಟದ್ ಮೇಲೆ ಇನ್ನೊಂದ್ ವರ್ಸ ಇರ್ತೀಯ ಬುಡು.”

ಎಲ್ಲರೂ ನಕ್ಕರು. ಅವನೂ ನಕ್ಕ. ಮೂವತ್ತು ವರ್ಷದಲ್ಲಿ ಅನುಮಾನವೆಂದು ಅವನು ನನ್ನ ಕೈಗೆ ಕೊಟ್ಟದ್ದು ಅದೊಂದೇ.

ಅದಾದ ಒಂಬತ್ತನೆಯ ದಿನ ಏಣಿಯ ಬುಡದಲ್ಲಿ ಕುಸಿದ. ಆಟೋದಲ್ಲಿ ತಿಪಟೂರಿನ ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಮುಗಿದಿತ್ತು. ಹೃದಯಾಘಾತ ಎಂದರು ಡಾಕ್ಟರು. ಮೊದಲೇ ಏನಾದರೂ ಹೇಳಿಕೊಂಡಿದ್ದರಾ ಎಂದು ಕೇಳಿದರು. ಹೇಳಿದ್ದ ಎಂದೆ.

ತಿಥಿಯಾದ ಮೇಲಿನ ಸೋಮವಾರ ನಾವು ನಾಲ್ವರೂ ಕೆಲಸ ಬಿಟ್ಟು, ಒಂದೇ ಬಸ್ಸಿನಲ್ಲಿ ಅದೇ ಆಸ್ಪತ್ರೆಗೆ ಹೋದೆವು. ಯಾರಿಗೆ ಹುಷಾರಿಲ್ಲ ಎಂದು ನರ್ಸಮ್ಮ ಕೇಳಿದರು. ನಾಲ್ವರೂ ಪಕ್ಕದವನ ಕಡೆ ಕೈ ತೋರಿಸಿದೆವು.