ಅಕ್ಕನ ಬೀಡಿ ಸಡಿಲವಿರಲಿಲ್ಲ

ನನ್ನ ಅಕ್ಕನ ಬೀಡಿ ಕೆಲಸ ತಪ್ಪಿಸಿದವಳು ನಾನು. ಅವಳ ಬೀಡಿ ಸಡಿಲವಾಗಿದೆ, ಕೈ ಕೆಟ್ಟಿದೆ ಎಂದು ಬೀಡಿ ಕಂಪೆನಿಯ ಬ್ರಾಂಚಿನವರು ತಾವಾಗಿ ಹೇಳಿದ್ದಲ್ಲ — ನಾನು ಹೇಳಿಸಿದ್ದು. ಅಕ್ಕ ಅದನ್ನು ಇಷ್ಟು ವರ್ಷ ನಂಬಿದಳು. ನಾನು ನಂಬಲು ಬಿಟ್ಟೆ.

ನೆಕ್ರಾಜೆಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳುವಾಗ ಈಗಲೂ ಬೆನ್ನು ನೆಟ್ಟಗಾಗುತ್ತದೆ, ಸುಳ್ಳು ಯಾಕೆ. ಅಪ್ಪ ಅಮ್ಮ ಬೇಗ ಹೋದರು. ಅಕ್ಕ ಮದುವೆಯಾಗದೆ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದಳು, ನಾನು ಓದಿದೆ. ಬಸ್ಸಿನಲ್ಲಿ ನೇತಾಡಿಕೊಂಡು ಕಾಲೇಜಿಗೆ ಹೋದೆ, ಸಂಜೆ ಮಕ್ಕಳಿಗೆ ಟ್ಯೂಷನ್ ಹೇಳಿದೆ, ಪರೀಕ್ಷೆಯ ಮೇಲೆ ಪರೀಕ್ಷೆ ಬರೆದೆ. ಕೊನೆಗೆ ಮುಳ್ಳೇರಿಯದ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಟೀಚರಾದೆ. ಹಂಚಿನ ಮನೆ ಹೋಗಿ ತಾರಸಿ ಮನೆ ಬಂತು.

ಬೀಡಿ ಮಾತ್ರ ಹೋಗಲಿಲ್ಲ. ಹೊಸ ಜಗಲಿಯ ನುಣ್ಣನೆಯ ನೆಲದ ಮೇಲೂ ಅಕ್ಕ ಮಡಿಲಲ್ಲಿ ಮೊರ ಇಟ್ಟುಕೊಂಡು ಕುಳಿತಳು. ಮಧ್ಯಾಹ್ನದ ಊಟ ಮುಗಿಸಿ ನೆರೆಮನೆಯ ನಬೀಸಕ್ಕ ತನ್ನ ಮೊರ ಹಿಡಿದು ಬರುತ್ತಿದ್ದಳು. ಇನ್ನೂ ಕೆಲವರು ಬಂದು ಸೇರುತ್ತಿದ್ದರು. ಕತ್ತರಿಯ ಸದ್ದು, ಹೊಗೆಸೊಪ್ಪಿನ ಘಾಟು, ಊರಿನ ಸುದ್ದಿಯೆಲ್ಲ ಅಲ್ಲಿ.

"ಎಂತ ಮಾರಾಯ್ತಿ, ತಂಗಿ ಟೀಚರಾದ ಮೇಲೆ ನಿನ್ನ ಬೀಡಿಗೂ ಗತ್ತು ಬಂದಿದೆ" ಎನ್ನುತ್ತಿದ್ದಳು ನಬೀಸಕ್ಕ.

"ನಿನ್ನ ಬಾಯಿಗಿಂತ ಅದು ಎಷ್ಟೋ ವಾಸಿ. ಸುಮ್ಮನೆ ಕಟ್ಟು" ಎನ್ನುತ್ತಿದ್ದಳು ಅಕ್ಕ.

ಆಮೇಲೆ ಎಲ್ಲರ ನಗು. ಆ ನಗು ನನಗೆ — ಹೇಳಲೇಬೇಕು — ಅಗ್ಗದ್ದಾಗಿ ಕೇಳುತ್ತಿತ್ತು.

ಒಮ್ಮೆ ಶಾಲೆಯ ಸಹೋದ್ಯೋಗಿಯೊಬ್ಬರು ಮನೆಗೆ ಬಂದರು. ಜಗಲಿ ದಾಟಿ ಒಳಗೆ ಬಂದು ಕುಳಿತವರು ಕೇಳಿದರು: "ಟೀಚರೇ, ನಿಮ್ಮಲ್ಲಿ ಇನ್ನೂ ಬೀಡಿ ಕಟ್ಟುವುದುಂಟಾ?" ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ "ಇನ್ನೂ" ಇತ್ತಲ್ಲ — ಅದು ನನ್ನನ್ನು ದಿನಗಟ್ಟಲೆ ಕೊರೆಯಿತು.

ಬಿಟ್ಟುಬಿಡು, ಖರ್ಚಿಗೆ ನಾನು ಕೊಡುತ್ತೇನೆ ಎಂದೆ ಅಕ್ಕನಿಗೆ. ಅವಳು ತಲೆ ಎತ್ತಲಿಲ್ಲ. "ನೀನು ಕೊಡುವುದು ನಿನ್ನದು. ಇದು ನನ್ನದು."

ಅದಕ್ಕೆ ನಾನು ಬ್ರಾಂಚಿಗೆ ಹೋದೆ. ಕಟ್ಟಿದ ಬೀಡಿ ಕೊಟ್ಟು ಎಲೆ, ಹೊಗೆಸೊಪ್ಪು ತರುವ ಜಾಗ ಅದು. ನೋಡಿಕೊಳ್ಳುತ್ತಿದ್ದವರು ಭಾಸ್ಕರಣ್ಣ. ಹೊಗೆಸೊಪ್ಪಿನ ಧೂಳು ಅಕ್ಕನಿಗೆ ಆಗುವುದಿಲ್ಲ, ಡಾಕ್ಟರು ಬೇಡ ಎಂದಿದ್ದಾರೆ ಎಂದೆ. ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ.

"ಅಯ್ಯೋ, ಹಾಗಾದ್ರೆ ಹಾಗೆಯೇ ಹೇಳುವ" ಎಂದರು ಅವರು.

"ಹಾಗೆ ಹೇಳಿದರೆ ಅವಳು ಕೇಳುವುದಿಲ್ಲ. ಬೀಡಿ ಸಡಿಲ ಉಂಟು, ಇನ್ನು ಎಲೆ ಇಲ್ಲ ಅಂತ ಹೇಳಿ."

ಭಾಸ್ಕರಣ್ಣ ನನ್ನ ಮುಖ ನೋಡಿದರು. "ಅಷ್ಟು ಚೆಂದ ಕಟ್ಟುವವರಿಗೆ ಆ ಮಾತಾ, ಟೀಚರೇ?" ನಾನು ತಲೆಯಾಡಿಸಿದೆ. ಅಕ್ಕನ ಆರೋಗ್ಯಕ್ಕೆಂದು ನಂಬಿ ಆ ಮನುಷ್ಯ ಒಪ್ಪಿದರು.

ಮರುದಿನ ಬ್ರಾಂಚಿಗೆ ಹೋದ ಅಕ್ಕ ಕಟ್ಟಿದ್ದನ್ನು ಹಾಗೆಯೇ ವಾಪಸು ತಂದಳು. ಅಳಲಿಲ್ಲ. ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಉಳಿದಿದ್ದ ಎಲೆಯಲ್ಲಿ ಒಂದು ಬೀಡಿ ಸುತ್ತಿ, ನೂಲು ಕಟ್ಟಿ, ನನ್ನ ಕೈಗಿಟ್ಟಳು. "ಸಡಿಲ ಉಂಟಾ, ನೋಡು."

ನಾನು ಒತ್ತಿ ನೋಡಿದೆ. ಕಡ್ಡಿಯ ಹಾಗೆ ಗಟ್ಟಿ ಇತ್ತು.

"ಸ್ವಲ್ಪ ಉಂಟಕ್ಕ" ಎಂದೆ.

ಬ್ರಾಂಚಿಗೆ ಹೋದದ್ದಕ್ಕಿಂತ ದೊಡ್ಡ ಪಾಪ ಇದು. ಅಲ್ಲಿ ಇನ್ನೊಬ್ಬರ ಬಾಯಿಂದ ಹೇಳಿಸಿದ್ದೆ. ಇಲ್ಲಿ ಅವಳು ನನ್ನನ್ನೇ, ಓದಿದವಳು ಎಂದು ನಂಬಿ —

ಬೀಡಿ ಕಟ್ಟುವ ಗುಂಪು ನಬೀಸಕ್ಕನ ಮನೆಯ ಜಗಲಿಗೆ ಹೋಯಿತು. ಅಕ್ಕ ಕೆಲವು ದಿನ ಹೋಗಿ ಬಂದಳು, ಆಮೇಲೆ ನಿಲ್ಲಿಸಿದಳು. ಎಲ್ಲರ ಕೈಯಲ್ಲೂ ಕೆಲಸ ಇರುವಾಗ ಬರಿಗೈಯಲ್ಲಿ ಕೂರಲು ಆಗುವುದಿಲ್ಲವಂತೆ. "ಬೇಜಾರಾಗ್ತದೆ" ಎಂದಳು.

ಬೇಜಾರು ಎಂದರೆ ನಮ್ಮಲ್ಲಿ ಹೊತ್ತು ಹೋಗದಿರುವುದೂ ಹೌದು, ಮನಸ್ಸು ನೋಯುವುದೂ ಹೌದು. ಕನ್ನಡ ಕಲಿಸುವ ನಾನು ಸುಲಭದ ಅರ್ಥವನ್ನೇ ಹಿಡಿದೆ, ಅದಕ್ಕೆ ಅಂಗಡಿಯಲ್ಲಿ ಮದ್ದು ಸಿಗುತ್ತದಲ್ಲ. ಟಿ.ವಿ. ತಂದೆ. ಆಮೇಲೆ ಅದಕ್ಕಿಂತ ದೊಡ್ಡದು ತಂದೆ. ಜಗಲಿಗೆ ಗ್ರಿಲ್ ಹಾಕಿಸಿ ತೂಗುಕುರ್ಚಿ ಇಡಿಸಿದೆ. ಬಳೆ ಮಾಡಿಸಿದೆ. ಪ್ರತಿ ಸಲ ಅಕ್ಕ ಮುಟ್ಟಿ ನೋಡಿ "ಚೆಂದ ಉಂಟು" ಎನ್ನುತ್ತಿದ್ದಳು. ಪೊಟ್ಟಣ ಬಿಚ್ಚುವಷ್ಟು ಹೊತ್ತು ನನಗೂ ಸಂತೋಷ. ಮರುವಾರ ಮತ್ತೆ ಅದೇ ಮೌನ, ಮತ್ತೆ ನಾನು ಅಂಗಡಿಗೆ. ಅಕ್ಕನಿಗಾಗಿ ಎಂದುಕೊಂಡಿದ್ದೆ. ಅಲ್ಲ — ಹೇಳದೆ ಉಳಿಯಲಿಕ್ಕೆ ಆ ದುಡ್ಡು ಸುರಿಯುತ್ತಿದ್ದೆ.

ಈಚೆಗೆ ನಬೀಸಕ್ಕ ಬಂದಿದ್ದಳು. "ಇದೆಂತ ಮನೆಯಾ ಆಸ್ಪತ್ರೆಯಾ? ನಡೆಯಲಿಕ್ಕೇ ಹೆದರಿಕೆ ಆಗ್ತದೆ" ಎಂದು ಗೋಡೆ ಹಿಡಿದುಕೊಂಡು ಬಂದು ಕುಳಿತಳು. ಅವಳ ಕಣ್ಣು ಮಂಜಾಗಿದೆ, ದಿನದ ಬೀಡಿ ಕಟ್ಟಿ ಮುಗಿಯುವುದಿಲ್ಲ. ಸ್ವಲ್ಪ ಕಟ್ಟಿಕೊಡು ಎಂದು ಅಕ್ಕನನ್ನು ಕೇಳಿದಳು.

"ಬೇಡ ನಬೀಸಾ. ನನ್ನ ಬೀಡಿ ಸೇರಿದ್ರೆ ನಿನ್ನದನ್ನೂ ವಾಪಸು ಮಾಡ್ತಾರೆ."

ಎಷ್ಟು ಸಹಜವಾಗಿ ಹೇಳಿದಳು — ನನ್ನ ಕೈ ಉದ್ದ ಇಲ್ಲ, ಅಟ್ಟ ಎಟುಕುವುದಿಲ್ಲ ಎನ್ನುವ ಹಾಗೆ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನಿಂತೆ. ನಬೀಸಕ್ಕನ ಎದುರೇ ಎಲ್ಲ ಹೇಳಿದೆ. ಡಾಕ್ಟರ ಸುಳ್ಳು, ಬ್ರಾಂಚಿನ ಮಾತು, ಗಟ್ಟಿ ಇದ್ದ ಆ ಬೀಡಿ.

ನಬೀಸಕ್ಕ ಎದ್ದು ಹೊರಗೆ ಹೋದಳು.  ಅಕ್ಕ ಬೈಯಲಿಲ್ಲ.

"ನಾಚಿಕೆ ಆಗ್ತದೆ ಅಂತ ನನ್ನ ಹತ್ರವೇ ಹೇಳಬಹುದಿತ್ತಲ್ಲ" ಎಂದಳು. "ನಿನ್ನ ಜನ ಬರುವಾಗ ನಾವು ಹಿತ್ತಿಲಿಗೆ ಹೋಗಿ ಕೂರ್ತಿದ್ದೆವು."

 

ಅಕ್ಕ ಈಗ ಮಧ್ಯಾಹ್ನ ನಬೀಸಕ್ಕನ ಮನೆಗೆ ಹೋಗುತ್ತಾಳೆ. ಬ್ರಾಂಚಿನಲ್ಲಿ ಈಗ ಹೊಸದಾಗಿ ಯಾರ ಹೆಸರಿಗೂ ಎಲೆ ಕೊಡುವುದಿಲ್ಲ, ಅದಕ್ಕೆ ನಬೀಸಕ್ಕನ ಪಾಲಿನ ಎಲೆಯಲ್ಲೇ ಕಟ್ಟುತ್ತಾಳೆ. ಶಾಲೆಯಿಂದ ಬರುವಾಗ ಅವರ ನಗು ರಸ್ತೆಯವರೆಗೆ ಕೇಳುತ್ತದೆ. ನನ್ನನ್ನು ಕಂಡ ಕೂಡಲೇ ನಿಲ್ಲುತ್ತದೆ. ನಾನು ತಲೆ ತಗ್ಗಿಸಿ ಬೇಗ ಬೇಗ ದಾಟಿಬಿಡುತ್ತೇನೆ — ಅವರು ಮುಂದುವರಿಸಲಿ ಎಂದು.