ರಾಜನ ಕಂಕುಳಡಿಯ ಹೂವು

ನಂದಿಯ ಧನುಶ್ರೀ ಚಿಕ್ಕಬಳ್ಳಾಪುರದ ಒಂದು ಪುಟ್ಟ ಪೇಪರಿನಲ್ಲಿ ಭಾನುವಾರದ ಕಲಾಪುಟ ಬರೆಯೋ ಹುಡುಗಿ. ನಾಟಕ, ಭಜನೆ, ತಮಟೆ, ಹಾರ್ಮೋನಿಯಂ ಎಲ್ಲ ಅವಳ ಪಾಲು. ಹೋದ ಯುಗಾದಿ ಹೊತ್ತಿಗೆ ಅವಳ ಕೈಯಲ್ಲಿ ಒಂದು ಎಡವಟ್ಟು ನಡೆದುಹೋಯಿತು. ಚಿಂತಾಮಣಿಯ ಹಾರ್ಮೋನಿಯಂ ಮೇಷ್ಟ್ರು ಬಯ್ಯಪ್ಪನವರ ಹೆಸರಿಗೆ ಮುಂಚೆ 'ದಿವಂಗತ' ಅಂತ ಅಚ್ಚಾಗಿಬಿಟ್ಟಿತು. ಮಾರನೇ ದಿನ ಹನ್ನೊಂದು ಗಂಟೆಗೆ ದಿವಂಗತರು ಬಸ್ಸಿಳಿದು, ಆಫೀಸಿಗೆ ಬಂದು, ಸಂಪಾದಕರ ಮೇಜಿನ ಮೇಲೆ ಹಾರ್ಮೋನಿಯಂ ಪೆಟ್ಟಿಗೆ ಇಟ್ಟು ಅರ್ಧ ಗಂಟೆ ಬಾರಿಸಿದರು. "ಸತ್ತೋನು ಹಿಂಗೆ ಬಾರಿಸ್ತಾನೇನಪ್ಪ?" ಅಂತ ಕೇಳಿ, ಕಾಫಿ ಕುಡಿದು ಹೋದರು.

ಸಂಪಾದಕರಾದ ನರಸಿಂಹಮೂರ್ತಿ ಅವಳನ್ನು ಕರೆದು ಒಂದೇ ಮಾತು ಹೇಳಿದರು. "ಇನ್ನೊಂದು ತಪ್ಪು ಬಂತೋ, ಕಲಾಪುಟ ಬೇರೆಯವರಿಗೆ. ನೀನು ಮಾರ್ಕೆಟ್ಟಲ್ಲಿ ನಿಂತ್ಕೊಂಡು ಟೊಮೇಟೊ ರೇಟು ಬರ್ಕೊ ಕಣಮ್ಮ."

ಆವತ್ತಿಂದ ಅವಳಿಗೆ ಅನುಮಾನದ ಕಾಯಿಲೆ ಹತ್ತಿತು. ಸಾವಿನ ಮನೆಗೆ ಫೋನ್ ಮಾಡಿ "ನಿಜವಾಗ್ಲೂ ಹೋಗ್ಬಿಟ್ರಾ?" ಅಂತ ಕೇಳಿ ಬೈಸಿಕೊಂಡಳು. ಫೋಟೋ ಹುಡುಕೋ ಆ್ಯಪು, ಮುಖ ಗುರುತಿಸೋ ಆ್ಯಪು, ಹಳೇದನ್ನು ಹೊಸದು ಮಾಡೋ ಆ್ಯಪು, ಎಲ್ಲ ಫೋನಿಗೆ ತುಂಬಿಕೊಂಡಳು.

ಹಂಗಿರುವಾಗ ಮಂಚೇನಹಳ್ಳಿಯ ನಾಟಕದ ಮೇಷ್ಟ್ರೊಬ್ಬರ ಟ್ರಂಕಿನಲ್ಲಿ ಒಂದು ಕಪ್ಪುಬಿಳುಪು ಫೋಟೋ ಸಿಕ್ಕಿತು. ಮೂವತ್ತೆಂಟು ವರ್ಷದ ಹಿಂದಿನದು. ಕಿರೀಟ, ಗಿರಿಜಾ ಮೀಸೆ, ಮುಂದಕ್ಕೆ ಬಂದ ಹೊಟ್ಟೆ, ಗದೆ ಎತ್ತಿದ ಕೈ. ರಾಜ ಅಂದರೆ ರಾಜ. ಆದರೆ ಯಾರು?

ನಮ್ಮ ಕಡೆ ಊರ ನಾಟಕದಲ್ಲಿ ರಾಜನ ಪಾರ್ಟು ಎಲ್ಲರಿಗೂ ಬೇಕು. ಅದಕ್ಕೇ ಒಬ್ಬ ರಾಜನನ್ನು ಇಬ್ಬರಿಗೆ ಹಂಚುತ್ತಾರೆ. ಮೊದಲರ್ಧಕ್ಕೆ ಒಂದನೇ ರಾಜ, ಆಮೇಲೆ ಎರಡನೇ ರಾಜ. ಆ ಸಲ ಒಂದನೆಯವನು ರಾಮಾಂಜಿನಪ್ಪ, ಎರಡನೆಯವನು ಆವಲಪ್ಪ. ಇಬ್ಬರೂ ಗಟ್ಟಿಮುಟ್ಟಾಗಿ ಇದ್ದಾರೆ, ಒಂದೇ ಟೀ ಅಂಗಡಿಯ ಒಂದೇ ಬೆಂಚಿನ ಮೇಲೆ ಕೂತಿರುತ್ತಾರೆ. ಧನುಶ್ರೀ ಫೋಟೋ ಹಿಡಿದು ಅಲ್ಲಿಗೇ ಹೋದಳು.

"ನಾನೇ ಕಣಮ್ಮ ಅದು," ಅಂದ ರಾಮಾಂಜಿನಪ್ಪ.

"ನಾನು," ಅಂದ ಆವಲಪ್ಪ.

ಟೀ ಅಂಗಡಿಯೆಲ್ಲ ನಕ್ಕುಬಿಟ್ಟಿತು. ಆವಲಪ್ಪ ನುಗ್ಗೇಕಾಯಿ ಇದ್ದಂಗಿದ್ದಾನೆ. ರಾಮಾಂಜಿನಪ್ಪ ತನ್ನ ಹೊಟ್ಟೆ ತಟ್ಟಿಕೊಂಡು, "ಚೂಡಮ್ಮಾ, ನೋಡಿಲ್ಲಿ, ಫೋಟೋದಾಗಿರೋ ಹೊಟ್ಟೆ ಇದೇ ಅಲ್ವಾ? ಆ ಡ್ರೆಸ್ಸಲ್ಲಿ ಇವನನ್ನ ಎರಡು ಸುತ್ತು ಸುತ್ತಬೋದು," ಅಂದ.

ಆವಲಪ್ಪ ಟೀ ಲೋಟ ಕೆಳಗಿಟ್ಟ. "ಮನೇಲಿ ಮೊಮ್ಮಕ್ಕಳೂ ಹಿಂಗೇ ನಗ್ತವೆ," ಅಂದ.

ಧನುಶ್ರೀ ಆ್ಯಪುಗಳನ್ನು ಕೇಳಿದಳು. ಒಂದು ಆ್ಯಪು, ಇದು ದಸರಾ ಬೊಂಬೆ, ಮೈಸೂರಲ್ಲಿ ಸಿಗುತ್ತೆ ಅಂದಿತು. ಇನ್ನೊಂದು ಫೋಟೋದ ಕೊಳೆ, ಬೂಷ್ಟು ಒರೆಸಿ ರಾಜನನ್ನು ಮದುವೆ ಗಂಡಿನಂಗೆ ಮಾಡಿಕೊಟ್ಟಿತು. ಕೊನೆಗೆ ಧನುಶ್ರೀ ಹೊಟ್ಟೆ ನೋಡಿ 'ರಾಮಾಂಜಿನಪ್ಪ' ಅಂತ ಬರೆದೂ ಬಿಟ್ಟಳು. ಬರೆದ ಮೇಲೆ ಹಾರ್ಮೋನಿಯಂ ಸದ್ದು ಕಿವಿಯಲ್ಲಿ ಗುಂಯ್ ಅಂದಿತು. ಡ್ರೆಸ್ ಹೊಲಿದವರು ಯಾರು ಅಂತ ವಿಚಾರಿಸಿಕೊಂಡು ಗೌರಿಬಿದನೂರಿನ ಬಸ್ಸು ಹತ್ತಿದಳು.

ಟೈಲರ್ ಉಸ್ಮಾನ್ ಸಾಬ್ ಕನ್ನಡಕ ಏರಿಸಿ, ಅವಳ ಫೋನಿನಲ್ಲಿ ಆ್ಯಪು ಒರೆಸಿಕೊಟ್ಟ ಫೋಟೋ ನೋಡಿದರು. "ಡ್ರೆಸ್ ನಂದೇ. ಹೊಟ್ಟೆ ಬೇರೆಯವರದ್ದು. ಈ ಹೊಟ್ಟೆ ಈ ಡ್ರೆಸ್ಸಲ್ಲಿ ತೇಪೆ ಇಲ್ದೆ ಹಿಡಿಯಲ್ಲ ಬೇಟಿ. ನನ್ನ ತೇಪೆ ಎಲ್ಲಿ?"

"ಯಾವ ತೇಪೆ?"

ಅವರು ಅಟ್ಟದಿಂದ ಅಳತೆ ಪುಸ್ತಕ ಇಳಿಸಿ ಧೂಳು ಕೊಡವಿದರು. ಹಾಳೆ ಹಾಳೆಗೂ ಹೆಸರು, ಅಳತೆ, ಪಿನ್ನು ಚುಚ್ಚಿದ ಬಟ್ಟೆ ಚೂರು. ರಾಮಾಂಜಿನಪ್ಪ, ಎದೆ ಮೂವತ್ನಾಲ್ಕು. ಆವಲಪ್ಪ, ಎದೆ ನಲವತ್ತೆರಡು.

"ಹೆಸರು ತಿರುಗುಮುರುಗು ಬರೆದಿದ್ದೀರಾ ಸಾಬ್ರೇ?"

"ನಾನು ಸರಿಯಾಗೇ ಬರೆದೆ. ಮನುಷ್ಯರು ತಿರುಗುಮುರುಗಾದ್ರು. ಆವಲಪ್ಪಂಗೆ ಸಕ್ಕರೆ ಕಾಯಿಲೆ ಬಂತು, ಇಳಿದ. ರಾಮಾಂಜಿನಪ್ಪಂಗೆ ಕುಡುಮಲಕುಂಟೆ ಫ್ಯಾಕ್ಟರಿ ಕ್ಯಾಂಟೀನಲ್ಲಿ ಕೆಲ್ಸ ಸಿಕ್ತು, ಏರಿದ. ಆವಾಗ ಇಬ್ಬರ ಅಳತೇನೂ ತಗೊಂಡಿದ್ದೆ. ಮಖಮಲ್ಲು ಒಬ್ಬ ರಾಜನಿಗೇ ಮುಗೀತು, ರಾಮಾಂಜಿನಪ್ಪನ ಅಳತೆಗೆ ಒಂದೇ ಡ್ರೆಸ್ ಆಯ್ತು. ನಾಟಕದ ನಡುವೆ ಪರದೆ ಹಿಂದೆ ನಿಂತು ಎರಡೂ ಕಂಕುಳಡಿ ಬಿಚ್ಚಿ, ಚೀಲದಲ್ಲಿದ್ದ ಬಟ್ಟೆ ಸೇರಿಸಿ, ಆವಲಪ್ಪನ್ನ ಒಳಗೆ ತುಂಬಿದೆ."

ಒಳಗಿಂದ ಅವರ ಬೀಬಿ ಹಮೀದಾ ಬೇಗಂ ಕೂಗಿದರು. "ಯಾರ ಬಟ್ಟೆ ಅಂತಾನೂ ಹೇಳಿ! ಹೊಲ್ಕೊಡಿ ಅಂತ ಕೊಟ್ಟ ನನ್ನ ಹೂವಿನ ರವಿಕೆ ಬಟ್ಟೆ! ನಾಟಕ ಮುಗೀತು, ನನ್ನ ರವಿಕೆ ಇನ್ನೂ ಬರ್ಲಿಲ್ಲ."

"ಮೂವತ್ತೆಂಟು ವರ್ಷದಿಂದ ದಿನಾ ಇದೇ," ಅಂತ ಸಾಬ್ರು ಮೆಲ್ಲಗೆ ಅಂದು, ಆವಲಪ್ಪನ ಹಾಳೆಯ ಚೂರು ತೋರಿಸಿದರು. ನಾಲ್ಕೆಸಳಿನ ದೊಡ್ಡ ಹೂವು.

ಧನುಶ್ರೀ ಗಡಿಬಿಡಿಯಲ್ಲಿ ಚೀಲದಿಂದ ಅಸಲಿ ಫೋಟೋ ತೆಗೆದಳು. ಎತ್ತಿದ ಕೈಯ ಕೆಳಗೆ ಅವಳು ಬೂಷ್ಟು ಅಂದುಕೊಂಡಿದ್ದ ಕಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ, ನಾಲ್ಕೆಸಳು. ಒಂದಲ್ಲ, ಮೂರು ಹೂವು.

"ಅಯ್ಯೋ, ಈ ಆ್ಯಪು ನಿಮ್ಮ ತೇಪೇನ ಕೊಳೆ ಅಂದ್ಕೊಂಡು ಒರೆಸ್ಬಿಟ್ಟಿದೆ ಸಾಬ್ರೇ!"

"ನನ್ನ ಕೆಲ್ಸಾನ ಕೊಳೆ ಅಂತಾ?" ಸಾಬ್ರು ಫೋನಿನ ಕಡೆ ನೋಡಿದ ನೋಟಕ್ಕೆ ಅದಕ್ಕೇನಾದರೂ ಮಾನ ಇದ್ದಿದ್ದರೆ ಆಫ್ ಆಗಿಬಿಡುತ್ತಿತ್ತು.

ಶನಿವಾರ ಸಂಪಾದಕರು ಪುಟ ಹಿಡಿದು ಕೇಳಿದರು, "ಊರೆಲ್ಲ ರಾಮಾಂಜಿನಪ್ಪ ಅಂತೈತೆ. ನೀನು ಆವಲಪ್ಪ ಅಂತ ಬರೆದಿದ್ದೀಯ. ಏನು ಗ್ಯಾರಂಟಿ?"

"ಎದೆ ನಲವತ್ತೆರಡು ಸಾರ್," ಅಂದಳು ಧನುಶ್ರೀ. ಅಳತೆ ಹಾಳೆ, ಬಟ್ಟೆ ಚೂರು, ಒರೆಸದ ಫೋಟೋ ಮೂರನ್ನೂ ಮೇಜಿನ ಮೇಲೆ ಇಟ್ಟಳು, ಹಿಂದೆ ಬಯ್ಯಪ್ಪನವರು ಪೆಟ್ಟಿಗೆ ಇಟ್ಟಿದ್ದ ಜಾಗದಲ್ಲೇ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು, ಸಹಿ ಮಾಡಿದರು.

ಭಾನುವಾರ ಫೋಟೋ ಕಲೆ ಸಮೇತ ಬಂತು. ಕೆಳಗೆ, 'ಎರಡನೇ ರಾಜ: ಆವಲಪ್ಪ. ಹೊಲಿಗೆ: ಉಸ್ಮಾನ್ ಸಾಬ್. ಕಂಕುಳಡಿಯ ಬಟ್ಟೆ: ಹಮೀದಾ ಬೇಗಂ'. ಆವಲಪ್ಪ ಟೀ ಅಂಗಡಿಯಲ್ಲಿ ಅದನ್ನು ಮೂರು ಸಲ ಗಟ್ಟಿಯಾಗಿ ಓದಿಸಿದ. ರಾಮಾಂಜಿನಪ್ಪ ಫೋನ್ ಮಾಡಿ, "ಹಂಗಾದ್ರೆ ನಾನು ಅಷ್ಟು ತೆಳ್ಳಗಿದ್ನಾ? ಅದನ್ನೂ ಹಾಕಮ್ಮ, ನಮ್ಮನೆಯೋಳು ನಂಬಲ್ಲ," ಅಂತ ಗೋಗರೆದ.

ಕಲಾಪುಟದ ಹಿಂಬದಿಯಲ್ಲಿ ಟೊಮೇಟೊ ರೇಟು ಇತ್ತು. ಬರೆದದ್ದು ಬೇರೆ ಯಾರೋ.